ಮಗಳಿಗೆ ಹಾಸಿದ ಬೈರಾಸು

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದಕ್ಕಾಗಿ ಯಾರ ಎದುರೂ ತಲೆ ತಗ್ಗಿಸಿದವನಲ್ಲ. ಗೇರುಮರ ಹೂ ಬಿಡುವ ಸಮಯಕ್ಕೆ ಕಡಬದಿಂದ ಮರ್ಕಂಜದವರೆಗೆ ಕೀಟನಾಶಕ ಸಿಂಪಡಿಸಲು ನನ್ನನ್ನೇ ಕರೆಯುತ್ತಿದ್ದರು. ಬೆನ್ನಿಗೆ ಪಂಪು ಹೊತ್ತು ಗುಡ್ಡ ಹತ್ತಿದರೆ ಮಧ್ಯಾಹ್ನದೊಳಗೆ ಇಬ್ಬರ ಕೆಲಸ ಮುಗಿಸುತ್ತಿದ್ದೆ.

ತೋಟದ ಯಜಮಾನರೊಬ್ಬರು ಒಮ್ಮೆ, "ಗ್ಲೌಸ್ ತಂದಿಟ್ಟಿದ್ದೇನೆ, ಹಾಕಿಕೊಳ್ಳಿ ಮಾರಾಯ್ರೆ" ಎಂದರು.

"ಅದು ಆಪರೇಷನ್ ಮಾಡುವವರು ಹಾಕುದು. ನನಗೆಂತ ಆಗ್ತದೆ?" ಎಂದು ಮೊಣಕೈವರೆಗೆ ಡ್ರಮ್ಮಿಗೆ ಕೈಯಿಳಿಸಿ ಮದ್ದು ಕಲಸಿದೆ. ಆಳುಗಳು ನಕ್ಕರು. ನನಗೆ ಖುಷಿಯಾಯಿತು. ಡಬ್ಬಿಯ ಮೇಲೆ ಎಚ್ಚರಿಕೆ ಕನ್ನಡದಲ್ಲೇ ಇತ್ತು. ಓದಲು ನನಗೆ ಬರುತ್ತಿತ್ತು. ಓದಲಿಲ್ಲ.

ಮೂಗಿಗೆ ಕಟ್ಟುತ್ತಿದ್ದದ್ದು ಬೈರಾಸು, ಹೆಗಲ ಮೇಲಿನ ಅದೇ ತೆಳು ಟವೆಲ್. ಸಂಜೆಗೆ ಅದು ಮದ್ದಿನಲ್ಲಿ ತೊಯ್ದಿರುತ್ತಿತ್ತು. ಬಸುರಿ ಹೆಂಡತಿ ದಿನವೂ ಅದನ್ನು ಬರಿಗೈಯಲ್ಲಿ ಒಗೆಯುತ್ತಿದ್ದಳು.

ಹುಟ್ಟಿದ ಮಗುವನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದು ನಮ್ಮ ಮನೆಯಲ್ಲಿಲ್ಲ. ಒಗೆದೊಗೆದು ಮೆತ್ತಗಾದ ಹಳೆಯದೇ ಆಗಬೇಕು. ಮಗಳು ಹುಟ್ಟಿದಾಗ ಅಮ್ಮ ನನ್ನ ನಾಲ್ಕು ಬೈರಾಸು ತೆಗೆದಳು. ಎರಡನ್ನು ಹಾಸಿದಳು, ಎರಡನ್ನು ಹರಿದು ಸುತ್ತುವುದಕ್ಕೆ ಮಾಡಿದಳು. "ಅಪ್ಪನ ಬಟ್ಟೆಯಲ್ಲಿ ಮಲಗಿದ್ರೆ ಮಗು ಬೆಚ್ಚಿ ಬೀಳುದಿಲ್ಲ."

"ಅದ್ರಲ್ಲಿ ಮದ್ದಿನ ವಾಸನೆ ಉಂಟು ಅತ್ತೆ" ಎಂದಳು ಹೆಂಡತಿ.

ನಾನೇ ಬಾಯಿ ಹಾಕಿದೆ. "ಇಷ್ಟು ವರ್ಷ ಅದನ್ನೇ ಮೂಗಿಗೆ ಕಟ್ಟಿದ ನಾನು ಸತ್ತಿದ್ದೇನಾ?"

ಮಗು ತಿಂಗಳುಗಟ್ಟಲೆ ಆ ಬಟ್ಟೆಯನ್ನು ಚೀಪುತ್ತ ಬೆಳೆಯಿತು.

ಮಗಳು ನಡೆದದ್ದು ಮೂರು ವರ್ಷಕ್ಕೆ. ಈಗ ಎಂಟು. ಐದರ ಆಚೆ ಎಣಿಸಲು ಬರುವುದಿಲ್ಲ, ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಅಮ್ಮ ಕಾರಣ ಕಂಡುಹಿಡಿದು ಬಹಳ ಕಾಲವಾಗಿತ್ತು. "ಬಸುರಿ ಇರುವಾಗ ಗ್ರಹಣದ ದಿನ ಅಂಗಳಕ್ಕೆ ಇಳಿದವಳು ಇವಳು. ಹೇಳಿದ್ರೆ ಕೇಳ್ತಾಳಾ?" ನೆಂಟರು ಬಂದರೆ ಅದೇ ಮಾತು. ಹೆಂಡತಿ ತಲೆ ಬಗ್ಗಿಸಿ ಬಡಿಸುತ್ತಿದ್ದಳು. ನಾನು ಊಟ ಮಾಡುತ್ತಿದ್ದೆ. ನಿಜ ಕಾರಣ ನನಗೆ ಗೊತ್ತಿರಲಿಲ್ಲ, ಆದರೆ ಮದ್ದಿನ ಮೇಲೆ ಅನುಮಾನವಿತ್ತು. ತಪ್ಪು ಹೆಂಡತಿಯ ಮೇಲೆಯೇ ಇರಲಿ ಎಂದು ಬಿಟ್ಟೆ.

ಹೋದ ವರ್ಷ ಪುತ್ತೂರಿನಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಹೆರಿಗೆ, ಜ್ವರ, ಮನೆತನ ಎಲ್ಲ ಕೇಳಿ, "ಬಸುರಿಯಾಗಿದ್ದಾಗ, ಮಗು ಸಣ್ಣದಿದ್ದಾಗ, ಮನೆಯಲ್ಲಿ ಕೀಟನಾಶಕದ ಸಂಪರ್ಕ ಇತ್ತಾ?" ಎಂದರು.

"ಇಲ್ಲ. ನನ್ನದು ರಬ್ಬರ್ ಟ್ಯಾಪಿಂಗ್" ಎಂದೆ. ಸಿಂಪಡಿಸುವುದು ಬಿಟ್ಟು ಅಷ್ಟರಲ್ಲಿ ಆ ಕೆಲಸ ಹಿಡಿದಿದ್ದೆ. ಸುಳ್ಳಿಗೆ ಅಷ್ಟು ನೆಪ ಸಾಕಾಯಿತು.

ಆದರೂ ಯಾಕೆ ಕೇಳಿದ್ದೆಂದು ಅವರು ವಿವರಿಸಿದರು. ಹೊಟ್ಟೆಯಲ್ಲೂ ಮೊದಲ ಎರಡು ಮೂರು ವರ್ಷಗಳಲ್ಲೂ ಮೆದುಳು ಕಟ್ಟಿಕೊಳ್ಳುತ್ತಿರುತ್ತದಂತೆ. ದೊಡ್ಡವರಿಗೆ ತಲೆನೋವೂ ತಾರದಷ್ಟು ವಿಷ ಅಲ್ಲಿ ಕೆಡಿಸಬಹುದಂತೆ. ಆದರೆ ಒಂದೇ ಮಗುವನ್ನು ನೋಡಿ ಇದರಿಂದಲೇ ಎಂದು ಹೇಳಲಾಗದಂತೆ.

ಹೆಂಡತಿ ಮೆಲ್ಲಗೆ ಕೇಳಿದಳು, "ಬಟ್ಟೆಯಿಂದಲೂ ಆಗ್ತದಾ ಮೇಡಂ?"

"ಆಗಬಹುದು. ಯಾಕೆ ಕೇಳಿದ್ದು?"

ಅವಳು ನನ್ನನ್ನು ನೋಡಿದಳು. "ಸುಮ್ಮನೆ" ಎಂದಳು.

ಇಷ್ಟು ವರ್ಷ ನನ್ನ ತಪ್ಪನ್ನು ಹೊತ್ತವಳು ಅಲ್ಲಿಯೂ ನನ್ನ ಮಾನ ಉಳಿಸಿದಳು. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಮನೆಗೆ ಬಂದೊಡನೆ ಅಮ್ಮ ಗ್ರಹಣದ ಮಾತು ತೆಗೆದಳು. ನಾನು ನಿಂತಲ್ಲೇ ಹೇಳಿದೆ, "ಇವಳದ್ದು ಎಂತದೂ ಇಲ್ಲಮ್ಮ. ಬೈರಾಸಿನಲ್ಲಿ ಮದ್ದು ಮನೆಗೆ ತಂದವ ನಾನು, ಬೇಡ ಅಂದವಳ ಬಾಯಿ ಮುಚ್ಚಿಸಿದ್ದೂ ನಾನು."

"ಹೆಂಡತಿ ಹೇಳಿಕೊಟ್ಟದ್ದಾ ಮಗ?" ಎಂದಳು ಅಮ್ಮ.

ಹೆಂಡತಿ ಮಗಳ ಅಂಗಿ ಬದಲಿಸುತ್ತಿದ್ದಳು. ತಲೆ ಎತ್ತದೆಯೇ ನನ್ನನ್ನು ಕೇಳಿದಳು, "ಡಾಕ್ಟ್ರು ಕೇಳಿದಾಗ ಎಲ್ಲಿಗೆ ಹೋಗಿತ್ತು ಈ ಬಾಯಿ?"

ಮುಂದಿನ ಸಲ ಡಾಕ್ಟರ್ ಬೇರೆ. ಕೀಟನಾಶಕದ ಬಗ್ಗೆ ಅವರು ಕೇಳಲೇ ಇಲ್ಲ. ನಾನೇ ಹೇಳಿ, ಬರೆದುಕೊಳ್ಳಿ ಎಂದೆ. "ಈಗ ಅದರಿಂದ ಚಿಕಿತ್ಸೆ ಬದಲಾಗುದಿಲ್ಲ" ಎಂದರು. ಆದರೂ ಬರೆಸಿದೆ. ಹೆಂಡತಿ ಚೀಟಿ ಇಸಕೊಂಡು ಆ ಸಾಲನ್ನು ಎರಡು ಸಲ ಓದಿದಳು. ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕ್ಷಮಿಸಿದ್ದೇನೆ ಎಂದು ಇಂದಿಗೂ ಹೇಳಿಲ್ಲ.