ಏರಿಸುವಾಗಿನ ತೂಕ

ಅರಸೀಕೆರೆಯಲ್ಲಿ ತೆಂಗಿನಕಾಯಿ ಒಣಗಿಸುವ ನನ್ನ ಕೊಬ್ಬರಿ ಅಟ್ಟಕ್ಕೆ ನಕ್ಷೆ ಮಾಡಿಕೊಟ್ಟ ಇಂಜಿನಿಯರ್ ಮೇಡಂ ಅರೇಹಳ್ಳಿ ಕಡೆಯವರು. ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವ ಮುನ್ನ ಗುಂಡಿಯ ಮೇಲೆ ಬೆರಳೆತ್ತಿ ಹಿಡಿದು, "ನೀವು ಹೇಳಿದ್ದನ್ನೆಲ್ಲ ಇದು ನಂಬುತ್ತೆ, ನೋಡ್ಕೊಂಡು ಹೇಳಿ" ಎನ್ನುತ್ತಿದ್ದರು.

ಅಟ್ಟದ ಮೇಲೆ ಎಷ್ಟು ಭಾರ ಬೀಳುತ್ತದೆಂದು ನನ್ನನ್ನೂ ಕೇಳಿದರು. ಕೊಬ್ಬರಿಯ ತೂಕ ಹೇಳಿದೆ. ಮಾರುವವನ ಬಾಯಿಗೆ ಬರುವುದು ಅದೇ. ಪರದೆಯ ಮೇಲೆ ತೊಲೆಗಳೆಲ್ಲ ಹಸಿರಾದವು, ಅಂದರೆ ಭಾರ ತಡೆಯುತ್ತವೆ.

"ಹಂಗಾದ್ರೆ ಕಬ್ಬಿಣ ಇನ್ನೊಂಚೂರು ಇಳ್ಸಿ ಮೇಡಂ" ಎಂದು ಚೌಕಾಸಿಗೆ ಕೂತೆ.

ಅವರು ನಾನು ತಂದುಕೊಟ್ಟಿದ್ದ ತೆಂಗಿನಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು.

"ಯಜಮಾನ್ರೇ, ನೀವು ಹೇಳಿದ್ದು ಏರಿಸುವಾಗಿನ ತೂಕಾನೋ, ಇಳಿಸುವಾಗಿನದೋ? ನಮ್ಮ ಕಡೆ ಕಾಫಿ ಹಣ್ಣೂ ಒಣಗಿದ ಮೇಲೆ ಹಗುರಾನೇ."

"ಇಳ್ಸೋವಾಗಿಂದು. ಏರ್ಸೋವಾಗ ಸಿಪ್ಪೆ, ನೀರು ಎಲ್ಲಾ ಇರ್ತೈತೆ. ವರ್ಷ ಕಳೆದ್ರೆ ಒಣಗೋಯ್ತದೆ ಬಿಡಿ."

"ಅಲ್ಲೀವರೆಗೆ ಅಟ್ಟದ ಕೆಳಗೆ ಯಾರು ಕೂತಿರ್ತಾರೆ?"

"ಚಿಪ್ಪು ಬಿಡ್ಸೋ ಹೆಂಗಸ್ರು" ಎನ್ನುವಷ್ಟರಲ್ಲಿ ನನ್ನ ದನಿ ಇಳಿದಿತ್ತು.

ಅವರು ನನ್ನನ್ನು ಬೈಯಲಿಲ್ಲ. ಹಸಿ ಕಾಯಿಯ ತೂಕ ಬರೆದು ಗುಂಡಿ ಒತ್ತಿದರು. ಹಸಿರಾಗಿದ್ದ ತೊಲೆಗಳು ಒಂದೊಂದಾಗಿ ಕೆಂಪಾದವು. ಅವೆಲ್ಲ ಮತ್ತೆ ಹಸಿರಾಗುವವರೆಗೆ ಅವರು ಕಬ್ಬಿಣ ಏರಿಸುತ್ತಾ ಹೋದರು. ಏರಿದ ಕಬ್ಬಿಣದ ಲೆಕ್ಕಕ್ಕೆ ನಾನು ಒಪ್ಪಿಕೊಂಡೆ.

ಮೇಡಂ ಈಗ ಈ ಊರಿನಲ್ಲಿಲ್ಲ. ಅಟ್ಟ ತುಂಬಿದೆ, ಕೆಳಗೆ ಹೆಂಗಸರು ಹರಟುತ್ತಾ ಚಿಪ್ಪು ಬಿಡಿಸುತ್ತಾರೆ. ಅಟ್ಟ ಕಟ್ಟಿಸುವವರು ಸಲಹೆ ಕೇಳಲು ಬಂದರೆ ನಾನು ಹೇಳುವುದಿಷ್ಟೇ: ಚೌಕಾಸಿ ಧಾರಾಳವಾಗಿ ಮಾಡಿ. ಆದರೆ ಇಂಜಿನಿಯರ್ ಹತ್ತಿರ ಹೋಗುವಾಗ ಕೈಯಲ್ಲೊಂದು ಕಾಯಿ ಇರಲಿ, ನೀರಿರುವ ಕಾಯಿ.