ಹ್ಯೂಸ್ಟನ್‌ನಲ್ಲಿ ಹರಿದ ಚರ್ಮ

ಜಪಾನಿ ಟೀಚರ್ ಎಡಮೊಣಕಾಲು ಬಗ್ಗಿಸಿ, ಬಲಗಾಲು ಹಿಂದಕ್ಕೆ ಚಾಚಿ ನಿಂತರೆ ಬರಿಗಾಲಿನ ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಎಪ್ಪತ್ತರ ಹತ್ತಿರದ ಆ ಕುಳ್ಳಗಿನ ಹೆಂಗಸಿನ ಎದುರಿಗೆ ಅವರಿಗಿಂತ ಅಗಲವಾದ ತೈಕೊ, ಅಂದರೆ ಜಪಾನಿನ ದೊಡ್ಡ ಮರದ ನಗಾರಿ. ಅಮೆರಿಕದ ಡಾಲಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ನನ್ನ ತಮ್ಮನ ದಿನಸಿ ಅಂಗಡಿಯ ಹಿಂದಿನ ಗೋದಾಮೇ ಅವರ ಶಾಲೆ. ಸದ್ದು ಕೇಳಿ ಇಣುಕಿದ ನನ್ನನ್ನು ಅವರು ಬಿಡಲಿಲ್ಲ. ನಾನು ಊರಿನಿಂದ ತಂದಿದ್ದ ಡೊಳ್ಳು, ಒಬ್ಬ ಹುಡುಗನ ಎಲೆಕ್ಟ್ರಿಕ್ ಗಿಟಾರ್, ತಮ್ಮ ತೈಕೊ ಸೇರಿಸಿ ತಂಡ ಕಟ್ಟಿಯೇಬಿಟ್ಟರು.

ಅವರ ಇಂಗ್ಲಿಷೂ ನನ್ನ ಹೈಸ್ಕೂಲ್ ಇಂಗ್ಲಿಷೂ ಒಂದೇ ಮಟ್ಟದವು. ಹಾಗಾಗಿ ಜಗಳ ಸಲೀಸಾಗಿತ್ತು. ಪೆಟ್ಟುಗಳ ನಡುವೆ ನಾನು ಸಂದೇ ಬಿಡುತ್ತಿರಲಿಲ್ಲ.

"ಅಂಕಲ್, ಸ್ಟಾಪ್! ನೀನು ನುಡಿಸ್ತಿಲ್ಲ, ಗೋಡೆ ಕಟ್ತಿದೀಯ. ಒಂದು ಬಾಗಿಲು ಬಿಡು, ಗಿಟಾರ್ ಒಳಗೆ ಬರಲಿ" ಎನ್ನುತ್ತಿದ್ದರು. ಗಿಟಾರಿನ ಹುಡುಗ ಕರೆಯುವುದನ್ನು ಕೇಳಿ ಅವರಿಗೂ ನಾನು ಅಂಕಲ್.

ಹ್ಯೂಸ್ಟನ್‌ನ ಕಾರ್ಯಕ್ರಮದ ದಿನ ಮಳೆ. ಥಂಡಿ ಹಿಡಿದು ತೈಕೊ ಮಂಕಾಗಿತ್ತು. "ಇವತ್ತು ಮೆಲ್ಲಗೆ ಮಾತಾಡುತ್ತೆ, ಅಷ್ಟೆ. ಯಾರೂ ಮುಟ್ಟಬೇಡಿ" ಎಂದು ಹೇಳಿ ಟೀಚರ್ ಉಡುಪು ಬದಲಿಸಲು ಹೋದರು.

ನಮ್ಮ ಕಡೆ ಡೊಳ್ಳು ಮಂಕಾದರೆ ಬೆಂಕಿಗೆ ಹಿಡಿದು ಕಾಯಿಸುತ್ತೇವೆ. ಇಲ್ಲಿ ಬೆಂಕಿಯೆಲ್ಲಿ? ಮೇಕಪ್ ಕೋಣೆಯಲ್ಲಿದ್ದ ಹೇರ್ ಡ್ರೈಯರನ್ನೇ ತೈಕೊಗೆ ಹಿಡಿದೆ.

"ಮುಟ್ಟಬ್ಯಾಡ್ರಿ ಅಂದಾರಲ್ರಿ!" ಎಂದಳು ಜೊತೆಗೆ ಬಂದಿದ್ದ ಹೆಂಡತಿ.

"ತೊಗಲಿನ ಮಾತು ನನಗ ಕಲಸ್ತಿಯೇನ?"

ಚರ್ಮ ಟಿಕ್ ಎಂದಿತು. ಅಂಚಿನ ಮೊಳೆಯ ಬಳಿ ಕೂದಲೆಳೆಯಂಥ ಗೆರೆ.

"ಈಗ ಹೇಳ್ರಿ. ಆಮ್ಯಾಲ ಬಾಯಿ ಬರೂದಿಲ್ಲ."

ಹೇಳಲಿಲ್ಲ. ವೇದಿಕೆಯ ಮೇಲೆ ಡೊಳ್ಳು ಬಾರಿಸುತ್ತ ಆ ಗೆರೆಯನ್ನೇ ನೋಡುತ್ತಿದ್ದೆ. ಪ್ರತಿ ಪೆಟ್ಟಿಗೂ ಅದು ಬೆಳೆಯುತ್ತಿತ್ತು. ಗಿಟಾರ್ ಏರಿತು, ಟೀಚರ್ ಎರಡೂ ಕೋಲು ತಲೆಯ ಮೇಲೆ ಎತ್ತಿದರು. ಆಗಲಾದರೂ ಕೂಗಬಹುದಿತ್ತು. ಚರ್ಮ ಹರಿದು ಅವರ ಬಲಗೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು. ಎಡಗೈಯಿಂದ ಮರದ ಅಂಚನ್ನು ಬಡಿಯುತ್ತಲೇ ಅವರು ಹಾಡು ಮುಗಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಡಾಲಸ್‌ಗೆ ಮರಳುವಾಗ ವ್ಯಾನಿನಲ್ಲಿ ಅವರೇ ಮಾತು ತೆಗೆದರು. "ಚರ್ಮದ ತಪ್ಪಲ್ಲ. ವಯಸ್ಸಾದ ಕೈ, ಪೆಟ್ಟು ಓರೆ ಬಿತ್ತು. ಇನ್ಮೇಲೆ ದೊಡ್ಡದನ್ನ ನಾನು ನುಡಿಸಲ್ಲ."

ಹೆಂಡತಿ ನನ್ನ ತೊಡೆ ಚಿವುಟಿದಳು. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ತೈಕೊಗೆ ಹೊಸ ಚರ್ಮ ಬಂತು. ಟೀಚರ್ ಕುರ್ಚಿಯಲ್ಲಿ ಕುಳಿತು ಪಾಠ ಹೇಳತೊಡಗಿದರು. ಎರಡು ವರ್ಷದ ಮೇಲೆ ಕಾಯಿಲೆ ಬಿದ್ದು ಆಸ್ಟಿನ್‌ನ ಮಗಳ ಮನೆ ಸೇರಿದರು. ಆಗ ಹೋಗಿ, ಹಾಸಿಗೆಯ ಪಕ್ಕ ನಿಂತು ಎಲ್ಲ ಹೇಳಿದೆ.

"ನನ್ನ ಕೈ ಅಲ್ವಾ?" ಎಂದರು.

"ಅಲ್ಲ, ಟೀಚರ್."

"ಎರಡು ವರ್ಷ ನುಡಿಸಬಹುದಿತ್ತು, ಅಂಕಲ್." ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹೊರಡುವವರೆಗೂ ಇತ್ತ ತಿರುಗಲಿಲ್ಲ.

ಆ ವಾರವೇ ತೀರಿಕೊಂಡರು. ನೋಡಲು ಬಂದವರಿಗೆಲ್ಲ, "ಹ್ಯೂಸ್ಟನ್‌ನಲ್ಲಿ ನನ್ನ ಪೆಟ್ಟು ಸರಿಯಾಗಿತ್ತು" ಎನ್ನುತ್ತಿದ್ದರೆಂದು ಮಗಳು ಫೋನಿನಲ್ಲಿ ಹೇಳಿದಳು. ಹಾಗಾದರೆ ತಪ್ಪು ಯಾರದು ಎಂದು ಕೇಳಿದವರಿಗೆ ಉತ್ತರ ಕೊಡಲಿಲ್ಲವಂತೆ. ಆ ಉತ್ತರವನ್ನು ನಾನು ಇಲ್ಲಿ ಬರೆದಿದ್ದೇನೆ.