ಗೋಣಿಚೀಲದ ಮೇಲಿನ ಕೊಂಬು

ಅಟ್ಟದಿಂದ ಧೂಳಿನ ಜೊತೆ ಸೀಮೆಎಣ್ಣೆಯ ವಾಸನೆಯೂ ಇಳಿದು ಬಂತು. ತಮ್ಮನ ಮಗಳು ಕೈಯಲ್ಲೊಂದು ತಗಡು ಹಿಡಿದು ಏಣಿ ಇಳಿಯುತ್ತಿದ್ದಳು. ಅವಳು ಓದುತ್ತಿರುವುದು ಗ್ರಾಫಿಕ್ ಡಿಸೈನ್. ಕೊನೆಯ ವರ್ಷದ ಪೋರ್ಟ್‌ಫೋಲಿಯೋ ಮಾಡುತ್ತೇನೆಂದು ಕಡೂರಿಗೆ ಬಂದವಳು ಎರಡು ದಿನದಿಂದ ಮುಖ ಊದಿಸಿಕೊಂಡು ಕೂತಿದ್ದಳು. ಅಜ್ಜಂಪುರದ ರಾಗಿಗೆಂದು ಅವಳು ಬರೆದ ಚೀಲದ ಚಿತ್ರ ತೀರಾ ಒರಟು, ಕಂಪನಿಯವರು ಮೆಚ್ಚುವುದಿಲ್ಲ, ಬದಲಾಯಿಸು ಎಂದು ಮೇಷ್ಟ್ರು ಹೇಳಿದ್ದರಂತೆ. ಅವರು ಹೇಳಿದ ಹಾಗೆ ಮಾಡಿ ಮುಗಿಸು, ಕೆಲಸ ಸಿಗುವುದು ಮುಖ್ಯ ಎಂದು ಆ ಬೆಳಿಗ್ಗೆ ತಾನೇ ನಾನು ಉಪದೇಶ ಮಾಡಿದ್ದೆ. ವಯಸ್ಸಾದ ಮೇಲೆ ಇಂಥ ಬುದ್ಧಿಮಾತು ಬಾಯಿಗೆ ತಾನಾಗಿ ಬರುತ್ತದೆ ನೋಡಿ.

ಇದೇನತ್ತೆ ಎಂದು ತಗಡನ್ನು ಬೆಳಕಿಗೆ ಹಿಡಿದಳು. ಅದರಲ್ಲಿ ಕೊರೆದದ್ದು ಎರಡು ಕೊಂಬು, ನಡುವೆ ಒಂದು ಕೊಬ್ಬರಿ ಗಿಟುಕು. ಅಂಚಿನ ತುಂಬ ಹಳೆಯ ಮಸಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ರೈಲು ಹತ್ತಿ ಹೋಗಿ ಕಲಾಶಾಲೆಯಲ್ಲಿ ಕಮರ್ಷಿಯಲ್ ಆರ್ಟ್ ಕಲಿಯುತ್ತಿದ್ದೆ. ಬೋರ್ಡು ಬರೆಯೋದಾ ಎಂದು ಊರವರು ಕೇಳಿದರೆ ಹೂಂ ಅನ್ನುತ್ತಿದ್ದೆ, ಅದೂ ಸುಳ್ಳಲ್ಲ. ಮೊದಲ ವರ್ಷವೆಲ್ಲ ಗೆರೆ ಎಳೆದದ್ದೇ ಎಳೆದದ್ದು. ಆಮೇಲೆ ಅಕ್ಷರ, ಆಮೇಲೆ ಕುಂಚದ ಗುರುತು ಕಾಣದ ಹಾಗೆ ಪೋಸ್ಟರ್ ಬಣ್ಣ ಹಚ್ಚುವುದು. ಕೊನೆಯ ವರ್ಷ ಒಂದು ಸರಕು ಆರಿಸಿಕೊಂಡು ಅದಕ್ಕೆ ಗುರುತು, ಪೊಟ್ಟಣ, ಜಾಹೀರಾತು ಎಲ್ಲ ಮಾಡಬೇಕು. ನಮ್ಮ ಮೇಷ್ಟ್ರು ಒಳ್ಳೆಯ ಕೆಲಸಗಳನ್ನು ಬೆಂಗಳೂರಿನ ಜಾಹೀರಾತು ಕಂಪನಿಗೆ ತೋರಿಸುತ್ತಿದ್ದರು. ಅವರು ಹೆಸರು ಹೇಳಿದವರಿಗೆ ಕೆಲಸ ಸಿಕ್ಕಿತೆಂದೇ ಲೆಕ್ಕ. ನನಗೆ ಆ ಕೆಲಸ ಬೇಕಿತ್ತು. ಬೇಡವೆಂದು ಈಗ ಜಂಭ ಕೊಚ್ಚಿದರೆ ನೀವು ನಂಬಬೇಡಿ.

ಎಲ್ಲರೂ ಸೋಪು, ಸೆಂಟು, ಪೌಡರು ಎಂದು ಆರಿಸಿಕೊಂಡರು. ನಾನು ಕೊಬ್ಬರಿ ಮೂಟೆ ಎಂದೆ. ಅಪ್ಪ ಕಡೂರಿನ ಮಂಡಿಯೊಂದರಲ್ಲಿ ತೂಕ ಬರೆಯುತ್ತಿದ್ದರು. ಮೂಟೆಯ ಮೇಲೆ ತಗಡಿನ ಅಚ್ಚಿಟ್ಟು ಮಸಿ ಉಜ್ಜಿ ಗುರುತು ಹಾಕುವುದನ್ನು ನೋಡಿಯೇ ಬೆಳೆದವಳು ನಾನು. ಮೇಷ್ಟ್ರು ನಕ್ಕರು. ಗೋಣಿಚೀಲಕ್ಕೆ ಡಿಸೈನ್ ಬೇಕಿಲ್ಲ, ಸೋಪಿಗೆ ಬದಲಾಯಿಸು ಎಂದರು. ಆ ನಗುವಿಗೇ ನನ್ನ ಹಟ ಗಟ್ಟಿಯಾಯಿತು.

ಚಿಕ್ಕಂದಿನಲ್ಲಿ ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಲ್ಲಿ ಅಮೃತಮಹಲ್ ದನಗಳನ್ನು ಕಂಡಿದ್ದೆನಲ್ಲ, ಬೆನ್ನ ಕಡೆಗೆ ಬಾಗಿದ ಆ ಉದ್ದ ಕೊಂಬುಗಳನ್ನೇ ಸಣ್ಣ ಗೆರೆಯಲ್ಲಿ ಬರೆದೆ. ಕಾಗದದ ಮೇಲೆ ಎಷ್ಟು ಚೆಂದ ಅಂತೀರಿ! ರಜದಲ್ಲಿ ಅದನ್ನು ತಗಡಿನಲ್ಲಿ ಕೊರೆದರೆ ನಡುವಿನ ಗಿಟುಕು ಹಿಡಿದುಕೊಳ್ಳಲು ಏನೂ ಇಲ್ಲದೆ ಟಣ್ ಎಂದು ಉದುರಿತು. ಉಳಿದದ್ದನ್ನು ಚೀಲಕ್ಕೆ ಒತ್ತಿದರೆ ಮಸಿ ನಾರಿಗೆ ಹರಡಿ ಹುಣಸೆಹಣ್ಣಿನ ಉಂಡೆಯಂತಾಯಿತು. ಮೂರು ವರ್ಷ ನುಣುಪು ಕಾಗದದ ಮೇಲೆ ಕಲಿತಿದ್ದಕ್ಕೆ ಗೋಣಿ ಕವಡೆ ಕಿಮ್ಮತ್ತೂ ಕೊಡಲಿಲ್ಲ. ಗೆರೆ ದಪ್ಪ ಮಾಡಿದೆ, ಗಿಟುಕಿಗೂ ಕೊಂಬಿಗೂ ನಡುವೆ ತಗಡಿನ ಪಟ್ಟಿ ಬಿಟ್ಟೆ, ಮತ್ತೆ ಮತ್ತೆ ಕೊರೆದೆ. ಹಿತ್ತಲ ತುಂಬ ಹಾಳಾದ ತಗಡು.

ಅಪ್ಪನಿಗೆ ಇದೆಲ್ಲ ಸಂಕಟ. "ಮೂಟೆ ಸಾವಾಸ ನನಗೇ ಸಾಕು ಅಂತ ನಿನ್ನ ಓದಕ್ಕೆ ಕಳಿಸಿದ್ರೆ, ನೀನು ಅದ್ನೇ ಹೊತ್ಕೊಂಡು ಪರೀಕ್ಷೆಗೆ ಹೋಗ್ತೀಯೇನೇ?" ಎಂದರು. ಹೋಗ್ತೀನಿ ಎಂದೆ. ಅಮ್ಮ ದಬ್ಬಣ ತಂದು ನನಗೊಂದು ಚೀಲ ಹೊಲಿದುಕೊಟ್ಟರು.

ಪರೀಕ್ಷೆಯ ದಿನ ಗೋಡೆಯುದ್ದಕ್ಕೂ ಸೋಪಿನ ಸುಂದರಿಯರು. ನಾನು ನೆಲದ ಮೇಲೆ ಚೀಲ ಹಾಸಿ, ತಗಡಿಟ್ಟು, ಎಲ್ಲರೆದುರು ಮಸಿ ಉಜ್ಜಿದೆ. ಸೀಮೆಎಣ್ಣೆ ಬೆರೆಸಿದ ಮಸಿಯ ವಾಸನೆಗೆ ಮೇಷ್ಟ್ರು ಕರ್ಚೀಫು ತೆಗೆದರು. ಇದನ್ನೆಲ್ಲ ಯಾರಮ್ಮ ನೋಡುತ್ತಾರೆ ಎಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ಮಸಿಯಾದ ಕೈಯನ್ನು ಹಳೇ ಬಟ್ಟೆಗೆ ಒರೆಸಿಕೊಂಡು ಹೇಳಿದೆ.

"ಮೂಟೆ ಇಳಿಸೋರು ನೋಡ್ತಾರೆ ಸಾರ್. ಅವ್ರಿಗೆ ಕಂಡ್ರೆ ಸಾಕು."

ಪಾಸು ಮಾಡಿದರು, ಅಷ್ಟೇ. ಮೇಷ್ಟ್ರು ಕಂಪನಿಗೆ ಹೇಳಿದ ಹೆಸರುಗಳಲ್ಲಿ ನನ್ನದಿರಲಿಲ್ಲ. ಆ ರಾತ್ರಿ ದಿಂಬು ಕಚ್ಚಿ ಅತ್ತೆ. ಆಮೇಲೆ ತರೀಕೆರೆಯ ಪ್ರೆಸ್ಸೊಂದರಲ್ಲಿ ಲೇಬಲ್ಲು, ಲಗ್ನಪತ್ರಿಕೆ ಬರೆಯುತ್ತಾ ಬದುಕಿದೆ, ಚೆನ್ನಾಗಿಯೇ ಬದುಕಿದೆ. ಅಪ್ಪ ಒಂದು ದಿನ ಆ ತಗಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮಂಡಿಗೆ ಹೋದರು. ಪ್ಲಾಸ್ಟಿಕ್ ಚೀಲ ಬರುವವರೆಗೂ ಕಡೂರು ಸ್ಟೇಷನ್ನಿನಲ್ಲಿ ನನ್ನ ಕೊಂಬುಗಳು ರೈಲು ಹತ್ತಿದವು. ಸೋಪಿಗೆ ಬದಲಾಯಿಸಬೇಕಿತ್ತು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಹಾಗಿದ್ದೂ ಬೆಳಿಗ್ಗೆ ಈ ಹುಡುಗಿಗೆ ಎಂಥ ಮಾತು ಹೇಳಿಬಿಟ್ಟೆ!

ಅವಳು ತಗಡನ್ನು ಹಳೇ ಪೇಪರಿನ ಮೇಲಿಟ್ಟು ಬೆರಳಲ್ಲಿ ಕೊಂಬಿನ ಅಂಚು ಸವರುತ್ತಿದ್ದಳು.

"ನಿನ್ನ ರಾಗಿ ಚೀಲ ಬದಲಾಯಿಸ್ಬೇಡ ಕಣೇ," ಎಂದೆ.

"ಫೇಲ್ ಮಾಡಿದ್ರೆ?"

"ಮಾಡ್ಲಿ. ಮುಂದಿನ ಸಲ ಚೀಲ ಹೊತ್ಕೊಂಡು ನಾನೂ ಬತ್ತೀನಿ."